ಊರಾಚೆಯ ಊಟಕ್ಕೆ ಊರಲ್ಲೇ ತಯಾರಿ

ಬೆಂಗಳೂರಿನ ಯಾವುದೇ ಮಧ್ಯಮ ಗಾತ್ರದ ಕಂಪನಿಯಲ್ಲಿ ವರ್ಷಕ್ಕೊಮ್ಮೆಯಾದರೂ ಯಾರದಾದರೂ ಕೊರಳಿಗೆ ಈ ಕೆಲಸ ಬೀಳುತ್ತದೆ. ಹೊರಗಿನಿಂದ ಗ್ರಾಹಕರು ಬರುತ್ತಿದ್ದಾರೆ, ನಮ್ಮವರೂ ಸೇರಿ ನಲವತ್ತು ಜನ, ‘ಎಲ್ಲಾದ್ರೂ ಒಳ್ಳೆ ರೆಸಾರ್ಟಲ್ಲಿ ಡಿನ್ನರ್ ಅರೇಂಜ್ ಮಾಡಿ’ ಎಂದು ಮೇಲಿನವರು ಹೇಳಿ ಮೀಟಿಂಗಿಗೆ ಹೊರಟುಹೋಗುತ್ತಾರೆ. ಉಳಿಯುವವರು ಎಚ್‌ಆರ್ ಅಥವಾ ಅಡ್ಮಿನ್‌ನವರು. ಅವರು ಮೊದಲು ತೆರೆಯುವುದು ಫೋಟೋಗಳನ್ನು. ಈಜುಕೊಳದ ದಂಡೆ, ದೀಪದ ಸರ, ಬಿಳಿ ಮೇಜುಬಟ್ಟೆ. ಆ ಫೋಟೋ ತೆಗೆದಿರುವುದು ಮುಸ್ಸಂಜೆಯ ಹೊತ್ತಿಗೆ, ಒಬ್ಬ ಅತಿಥಿಯೂ ಇಲ್ಲದಾಗ. ನಿಮ್ಮ ಊಟ ನಡೆಯುವುದು ರಾತ್ರಿ ಒಂಬತ್ತಕ್ಕೆ, ಪಕ್ಕದ ಲಾನಿನಲ್ಲಿ ಯಾರದೋ ಮದುವೆ ಆರತಕ್ಷತೆ ಜೋರಾಗಿರುವಾಗ.

ಊರೊಳಗಿನ ಹೋಟೆಲಿಗೂ ಊರಾಚೆಯ ರೆಸಾರ್ಟಿಗೂ ಇರುವ ನಿಜವಾದ ವ್ಯತ್ಯಾಸ ಹಸಿರು, ಗಾಳಿ ಯಾವುದೂ ಅಲ್ಲ. ರೆಸಾರ್ಟಿನಲ್ಲಿ ಎರಡನೇ ಆಯ್ಕೆ ಇರುವುದಿಲ್ಲ. ಇಂದಿರಾನಗರದಲ್ಲಿ ಒಂದು ಕಡೆ ಟೇಬಲ್ ಕೈಕೊಟ್ಟರೆ ಅದೇ ರಸ್ತೆಯಲ್ಲಿ ಇನ್ನೊಂದು ಸಿಗುತ್ತದೆ. ನಂದಿ ಬೆಟ್ಟದ ತಪ್ಪಲಲ್ಲೋ ಕನಕಪುರ ರಸ್ತೆಯ ಒಳದಾರಿಯಲ್ಲೋ ಅಡುಗೆ ತಡವಾದರೆ ಕಾಯುವುದೊಂದೇ ದಾರಿ. ಕರ್ನಾಟಕದವರಿಗೆ ರೆಸಾರ್ಟ್ ಎಂದೊಡನೆ ಶಾಸಕರು ನೆನಪಾಗುವುದೂ ಇದೇ ಕಾರಣಕ್ಕೆ ಇರಬೇಕು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರು ಬಂದು ತಂಗಿದ್ದು ಬಿಡದಿ ಬಳಿಯ ಈಗಲ್‌ಟನ್ ರೆಸಾರ್ಟಿನಲ್ಲಿ. ಒಳಗಿದ್ದವರಿಗೆ ಸುಲಭವಾಗಿ ಹೊರಗೆ ಹೋಗಲಾಗದಿರುವುದು ರಾಜಕಾರಣಕ್ಕೆ ಅನುಕೂಲ, ಔತಣ ಕೊಡುವವರಿಗೆ ತಲೆನೋವು. ಹಾಗಾಗಿ ಇಲ್ಲಿ ಆಯ್ಕೆಯ ಕೆಲಸವೆಂದರೆ ಬಹುಪಾಲು ಮುಂಚಿತವಾಗಿ ಕೇಳುವ ಕೆಲಸ.

ಮೊದಲ ಪ್ರಶ್ನೆ ರೆಸಾರ್ಟಿನವರಿಗಲ್ಲ, ನಿಮ್ಮ ಬಾಸ್‌ಗೆ: ಈ ಊಟ ಯಾತಕ್ಕೆ? ಒಪ್ಪಂದದ ಅಂಚಿನಲ್ಲಿರುವ ಗ್ರಾಹಕರ ಜೊತೆ ಮಾತಾಡುವುದಕ್ಕೋ, ವರ್ಷವಿಡೀ ದುಡಿದ ತಂಡಕ್ಕೆ ಸಂತೋಷಕೂಟವೋ? ಎರಡನ್ನೂ ಒಂದೇ ಸಂಜೆಗೆ ತುರುಕಿದರೆ ಎರಡೂ ಕೆಡುತ್ತವೆ. ಮಾತಿನ ಊಟಕ್ಕೆ ಬೇಕಾದದ್ದು ಮುಚ್ಚಿದ ಕೋಣೆ, ಮೇಜಿಗೇ ತಂದು ಬಡಿಸುವ ವ್ಯವಸ್ಥೆ, ಕಡಿಮೆ ಸದ್ದು. ಕುಣಿತದ ಊಟಕ್ಕೆ ಬೇಕಾದದ್ದು ಬಯಲು, ಬಫೆ, ಡಿಜೆ. ಇದು ತೀರ್ಮಾನವಾಗದೆ ರೆಸಾರ್ಟಿಗೆ ಫೋನ್ ಮಾಡಬೇಡಿ. ಮಾಡಿದರೆ ಅವರಲ್ಲಿ ಆ ದಿನ ಖಾಲಿ ಉಳಿದಿರುವ ಜಾಗ ಯಾವುದೋ ಅದೇ ‘ನಿಮಗೆ ಪರ್ಫೆಕ್ಟ್ ಸಾರ್’ ಆಗಿಬಿಡುತ್ತದೆ.

ದಾರಿ ಮತ್ತು ಗಡಿಯಾರ

ಬಿಡದಿ ಮೂವತ್ತು ಚಿಲ್ಲರೆ ಕಿಲೋಮೀಟರ್, ನಂದಿ ಅರವತ್ತರ ಆಸುಪಾಸು. ಕಿಲೋಮೀಟರಿನ ಈ ಲೆಕ್ಕ ಬೆಂಗಳೂರಿನಲ್ಲಿ ಸಂಜೆ ಐದರ ನಂತರ ಉಪಯೋಗಕ್ಕೆ ಬರುವುದಿಲ್ಲ. ಔಟರ್ ರಿಂಗ್ ರೋಡಿನ ಆಫೀಸಿನಿಂದ ತುಮಕೂರು ರಸ್ತೆಯ ರೆಸಾರ್ಟಿಗೆ ಶುಕ್ರವಾರ ಸಂಜೆ ಬಸ್ ಹೊರಡಿಸುವುದೆಂದರೆ ಅತಿಥಿಗಳನ್ನು ಊರ ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿಸುವುದು. ವೈಟ್‌ಫೀಲ್ಡ್, ಸರ್ಜಾಪುರದ ಕಡೆಯವರು ಹೊಸಕೋಟೆ, ದೇವನಹಳ್ಳಿಯ ದಿಕ್ಕಿಗೆ ನೋಡಲಿ. ಕೆಂಗೇರಿ, ರಾಜರಾಜೇಶ್ವರಿ ನಗರದವರಿಗೆ ಬಿಡದಿ, ಕನಕಪುರ. ಗ್ರಾಹಕರು ಮರುದಿನ ಬೆಳಗ್ಗೆ ವಿಮಾನ ಹತ್ತುವವರಾದರೆ ವಿಮಾನ ನಿಲ್ದಾಣದ ದಿಕ್ಕು ಬಿಟ್ಟು ಬೇರೆ ಯೋಚನೆಯೇ ಬೇಡ.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೈಸೂರು ದಿಕ್ಕಿನ ಪ್ರಯಾಣವನ್ನು ಹಗುರ ಮಾಡಿದೆ, ನಿಜ. ಆದರೆ ಮುಖ್ಯ ರಸ್ತೆಯಿಂದ ಇಳಿಯುವ ಜಾಗಗಳು ಕೆಲವೇ ಇವೆ. ಒಂದು ತಪ್ಪಿದರೆ ಮುಂದಿನದರವರೆಗೆ ಹೋಗಿಯೇ ತಿರುಗಬೇಕು. ಅದೇ ವರ್ಷದ ಆಗಸ್ಟ್‌ನಿಂದ ಅಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕಿನಲ್ಲಿ ಬರುತ್ತೇವೆನ್ನುವ ಹುಡುಗರಿಗೆ ಸರ್ವೀಸ್ ರಸ್ತೆಯ ದಾರಿಯನ್ನೇ ಕಳಿಸಿ.

ಒಂದು ರಾತ್ರಿ ತಂಗುವ ಯೋಜನೆಯಾಗಿ ಇನ್ನೂ ದೂರ ಹೋಗುವವರು ಕಾಡಿನ ಕಾನೂನು ತಿಳಿದಿರಬೇಕು. ಬಂಡೀಪುರದೊಳಗೆ ಹಾಯುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕಾಡಿನ ಗೇಟಿನಾಚೆ ಊಟ, ಈಚೆ ವಾಸ ಎಂದರೆ ಆಗದು. ಸರ್ಕಾರದ ಜಂಗಲ್ ಲಾಡ್ಜಸ್ ಆಂಡ್ ರೆಸಾರ್ಟ್ಸ್ 1980ರಲ್ಲಿ ಹುಟ್ಟುಹಾಕಿದ ಮಾದರಿಯ ಕಾಡಂಚಿನ ತಂಗುದಾಣಗಳಲ್ಲಿ ಊಟ ಪ್ಯಾಕೇಜಿನೊಳಗೇ ಸೇರಿರುತ್ತದೆ. ಅಡುಗೆಮನೆ ನಡೆಯುವುದು ಬೆಳಗಿನ ಸಫಾರಿಯ ವೇಳೆಗೆ ತಕ್ಕಂತೆ. ಗೋಲ್ ಘರ್ ಎಂಬ ದುಂಡನೆಯ ಊಟದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಂಡು ಬೇಗ ಮಲಗುವ ಆ ಕ್ರಮ ಸೊಗಸು. ತಡರಾತ್ರಿಯ ಔತಣಕ್ಕೆ ಮಾತ್ರ ಅದು ಜಾಗವಲ್ಲ.

ಅಡುಗೆಮನೆ ಎಷ್ಟು ದೂರ?

ರೆಸಾರ್ಟಿನ ಊಟ ಕೆಡುವುದು ಉಪ್ಪು–ಖಾರದಿಂದಲ್ಲ, ಹೆಚ್ಚಿನ ಸಲ ಹೊತ್ತಿನಿಂದ. ಇದು ಅರ್ಥವಾಗಬೇಕಾದರೆ ಹಿಂಬಾಗಿಲು ನೋಡಬೇಕು.

ದೊಡ್ಡ ರೆಸಾರ್ಟಿನಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ಅಡುಗೆಮನೆ ಇರುತ್ತದೆ, ದಿನವಿಡೀ ತೆರೆದಿರುವ ರೆಸ್ಟೋರೆಂಟಿಗೆ ಅಂಟಿಕೊಂಡು. ಹೆಸರುವಾಸಿ ‘ಸ್ಪೆಷಾಲಿಟಿ’ ರೆಸ್ಟೋರೆಂಟಿಗೆ ಇನ್ನೊಂದು, ಗಾತ್ರದಲ್ಲಿ ಚಿಕ್ಕದು. ಮದುವೆ, ಸಮಾವೇಶಗಳಿಗೆ ಬ್ಯಾಂಕ್ವೆಟ್ ಅಡುಗೆಮನೆ. ಚಿಕ್ಕ ರೆಸಾರ್ಟಿನಲ್ಲಿ ಈ ಮೂರೂ ಒಂದೇ. ಈಜುಕೊಳದ ಪಕ್ಕ, ಮಾವಿನ ತೋಪಿನೊಳಗೆ, ಕೆರೆ ದಂಡೆಯಲ್ಲಿ ನಡೆಯುವ ಊಟಕ್ಕೆ ಅಡುಗೆ ಬರುವುದು ಮುಖ್ಯ ಅಡುಗೆಮನೆಯಿಂದ, ಟ್ರಾಲಿಯ ಮೇಲೆ ಅಥವಾ ಬ್ಯಾಟರಿ ಬಗ್ಗಿಯಲ್ಲಿ. ಸಾರು, ಪಲ್ಯ, ಬಿರಿಯಾನಿ ಈ ಪ್ರಯಾಣವನ್ನು ತಡೆದುಕೊಳ್ಳುತ್ತವೆ. ತಂದೂರಿ ರೊಟ್ಟಿ ತಡೆಯದು. ಬಂದು ತಲುಪುವಷ್ಟರಲ್ಲಿ ಚರ್ಮವಾಗಿರುತ್ತದೆ. ಜಾಗ ನೋಡಲು ಹೋದಾಗ ಅಡುಗೆಮನೆಯ ಬಾಗಿಲಿನಿಂದ ನಿಮ್ಮ ಮೇಜಿನವರೆಗೆ ನಡೆದು ನೋಡಿ. ಐದು ನಿಮಿಷ ಮೀರಿದರೆ ರೊಟ್ಟಿಯ ಒಲೆಯನ್ನು ಊಟದ ಜಾಗದ ಹತ್ತಿರವೇ ಹೂಡಲಾಗುತ್ತದೆಯೇ ಎಂದು ಕೇಳಬೇಕು, ಇಲ್ಲವೇ ಮೆನುವಿನಿಂದ ರೊಟ್ಟಿಯನ್ನೇ ತೆಗೆಸಬೇಕು.

ಬಿಸಿಯಾಗಿ ಬಡಿಸುವ ಆಹಾರವನ್ನು ಕನಿಷ್ಠ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಗಾಳಿ ಬೀಸುವ ಬಯಲಿನಲ್ಲಿ ಚೇಫಿಂಗ್ ಡಿಶ್ ಕೆಳಗಿನ ಜ್ವಾಲೆ ಆರುತ್ತಲೇ ಇರುತ್ತದೆ. ಬಯಲು ಬಫೆಯಲ್ಲಿ ಹತ್ತು ಗಂಟೆಗೆ ತಟ್ಟೆ ಹಿಡಿದವರಿಗೆ ಎಂಟೂವರೆಯವರಿಗೆ ಸಿಕ್ಕ ಊಟ ಸಿಗುವುದಿಲ್ಲ. ನಂದಿ ಸುತ್ತಮುತ್ತ, ಚಿಕ್ಕಮಗಳೂರಿನಲ್ಲಿ, ಕೊಡಗಿನಲ್ಲಿ ಡಿಸೆಂಬರ್ ರಾತ್ರಿಯಾದರೆ ಕೇಳುವುದೇ ಬೇಡ.

ಇನ್ನು ‘ಅ ಲಾ ಕಾರ್ಟ್’, ಅಂದರೆ ಪ್ರತಿಯೊಬ್ಬರೂ ಮೆನು ನೋಡಿ ತಮ್ಮಿಷ್ಟದ್ದು ಹೇಳುವ ಪದ್ಧತಿ. ಹನ್ನೆರಡು ಜನರವರೆಗೆ ಚೆಂದ. ಅದಕ್ಕಿಂತ ಹೆಚ್ಚಾದರೆ ಅಡುಗೆಮನೆಗೆ ಏಕಕಾಲಕ್ಕೆ ಮೂವತ್ತು ಬಗೆಯ ಚೀಟಿ ಹೋಗಿ, ಕೆಲವರ ಊಟ ಮುಗಿಯುವಾಗ ಪಕ್ಕದವರಿಗೆ ಸೂಪು ಬರುತ್ತದೆ. ಅತಿಥಿಯ ಎದುರು ಆತಿಥೇಯನ ತಟ್ಟೆ ಮೊದಲು ಬಂದರೆ ಆಗುವ ಮುಜುಗರ ಗೊತ್ತಲ್ಲ? ದೊಡ್ಡ ಗುಂಪಿಗೆ ಮೊದಲೇ ನಿಗದಿ ಮಾಡಿದ ಮೆನುವೇ ಸರಿ. ಅದನ್ನು ಪ್ರತಿ ಮೇಜಿಗೆ ಬಟ್ಟಲುಗಳಲ್ಲಿ ತಂದು ಬಡಿಸುವಂತೆ ಹೇಳಿದರೆ ಇನ್ನೂ ಒಳ್ಳೆಯದು. ನಮ್ಮ ಪಂಕ್ತಿ ಊಟ ನೂರಾರು ಜನರನ್ನು ಅರ್ಧ ಗಂಟೆಯಲ್ಲಿ ಉಣಿಸಿ ಏಳಿಸುವುದು ಇದೇ ಗುಟ್ಟಿನಿಂದ: ಒಬ್ಬ ಬಡಿಸುವವನ ಕೈಯಲ್ಲಿ ಒಂದೇ ಪದಾರ್ಥ. ಬಫೆಯಲ್ಲಿ ಜನ ಎದ್ದು ಹೋಗುತ್ತಾರೆ, ಮಾತು ಮುರಿಯುತ್ತದೆ, ವಾಪಸ್ ಬಂದಾಗ ಕುರ್ಚಿಯಲ್ಲಿ ಇನ್ಯಾರೋ ಇರುತ್ತಾರೆ. ತಂಡದ ಸಂತೋಷಕೂಟದಲ್ಲಿ ಅದೇ ಬೇಕು. ಗ್ರಾಹಕರ ಊಟದಲ್ಲಿ ಬೇಡ.

ಲೈವ್ ಕೌಂಟರ್‌ಗಳ ಮೋಹವನ್ನೂ ಸ್ವಲ್ಪ ತಗ್ಗಿಸಬಹುದು. ಕಾವಲಿಯ ಮೇಲೆ ಒಮ್ಮೆಗೆ ಮೂರು ದೋಸೆ, ಮೂರು ನಿಮಿಷ ಬೇಯಲು ಎಂದು ಲೆಕ್ಕ ಹಾಕಿ, ನಿಮಿಷಕ್ಕೊಂದು ದೋಸೆಯಾಯಿತು. ನಲವತ್ತು ಜನರ ಸಾಲಿನಲ್ಲಿ ಕೊನೆಯವನಿಗೆ ನಲವತ್ತು ನಿಮಿಷ. ಒಂದೇ ಕೌಂಟರ್ ಇಟ್ಟು ‘ಲೈವ್’ ಎನ್ನುವುದಕ್ಕಿಂತ ಎರಡು ಕಾವಲಿ ಇಡುತ್ತೀರಾ ಎಂದು ಕೇಳುವುದು ಲೇಸು.

ರುಚಿ ನೋಡಲು ರೆಸಾರ್ಟಿನವರು ಕರೆಯುತ್ತಾರೆ. ಹೋಗಿ, ಆದರೆ ಆ ಊಟವನ್ನು ಪೂರ್ತಿ ನಂಬಬೇಡಿ. ಅಂದು ಶೆಫ್ ನಾಲ್ಕು ಜನಕ್ಕೆ ಮನಸ್ಸಿಟ್ಟು ಮಾಡಿರುತ್ತಾರೆ. ಸಾಧ್ಯವಾದರೆ ಯಾರಿಗೂ ಹೇಳದೆ ಒಂದು ಶನಿವಾರ ರಾತ್ರಿ, ರೆಸಾರ್ಟ್ ತುಂಬಿದ್ದಾಗ, ಒಂಬತ್ತೂವರೆಗೆ ಹೋಗಿ ಮಾಮೂಲಿ ಬಫೆ ಉಂಡು ಬನ್ನಿ. ಖಾಲಿಯಾದ ಪಾತ್ರೆ ಎಷ್ಟು ಬೇಗ ತುಂಬುತ್ತದೆ, ತಟ್ಟೆ ಎತ್ತುವವರು ಎಷ್ಟು ಜನ, ನೀರು ಕೇಳಿದರೆ ಯಾರಾದರೂ ತಿರುಗಿ ನೋಡುತ್ತಾರೆಯೇ, ಎಲ್ಲ ಅಲ್ಲೇ ತಿಳಿಯುತ್ತದೆ.

ಪಂಚಾಂಗವೂ ಬೇಕು

ರೆಸಾರ್ಟ್ ಬುಕ್ ಮಾಡುವವರ ಮೇಜಿನ ಮೇಲೆ ಪಂಚಾಂಗ ಇರಬೇಕೆಂದರೆ ನಗಬೇಡಿ. ಬೆಂಗಳೂರು ಸುತ್ತಲಿನ ರೆಸಾರ್ಟ್‌ಗಳಿಗೆ ದೊಡ್ಡ ವ್ಯಾಪಾರ ಮದುವೆಗಳದು. ಮುಹೂರ್ತದ ದಿನ ನಲವತ್ತು ಜನರ ಕಂಪನಿ ಊಟ ಅವರಿಗೆ ಕೊನೆಯ ಚಿಂತೆ. ಒಳ್ಳೆಯ ಬಡಿಸುವವರೆಲ್ಲ ಐನೂರು ಜನರ ಮದುವೆಯ ಕಡೆಗಿರುತ್ತಾರೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ಆಗ ಬೆಲೆ ಇಳಿಸಲು ಅವರೂ ತಯಾರು, ಗಮನವೂ ನಿಮ್ಮ ಕಡೆ. ಧನುರ್ಮಾಸಕ್ಕೆ ವರ್ಷಾಂತ್ಯದ ಪಾರ್ಟಿಗಳ ನೂಕುನುಗ್ಗಲು ಸೇರಿಕೊಳ್ಳುವುದರಿಂದ ಆಷಾಢವೇ ನನ್ನ ಮೊದಲ ಆಯ್ಕೆ. ಮಳೆಯೊಂದು ಇದೆ. ಬಯಲಿನ ಊಟವಾದರೆ ಮಳೆ ಬಂದಾಗ ಒಳಗೆ ಹೋಗಲು ಯಾವ ಹಾಲ್, ಅದನ್ನು ಆ ಸಂಜೆ ಬೇರೆಯವರಿಗೆ ಕೊಟ್ಟಿಲ್ಲ ತಾನೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮೊದಲ ಮಳೆಯ ಮರುದಿನ ರೆಕ್ಕೆ ಬಂದ ಗೆದ್ದಲುಗಳು ದೀಪಕ್ಕೆ ಮುತ್ತಿ ಸೂಪಿಗೆ ಬೀಳುವುದನ್ನು ಯಾವ ಈವೆಂಟ್ ಮ್ಯಾನೇಜರನೂ ತಡೆಯಲಾರ.

ಅದೇ ಪಂಚಾಂಗ ಮೆನುವಿಗೂ ಬೇಕು. ಶ್ರಾವಣದಲ್ಲಿ ಮಾಂಸ ಬಿಡುವವರು ಪ್ರತಿ ತಂಡದಲ್ಲೂ ಇದ್ದಾರೆ. ಕಾರ್ತಿಕ ಸೋಮವಾರ, ಶನಿವಾರ, ಏಕಾದಶಿ ಎಂದು ಬೇರೆ ಬೇರೆ ವ್ರತ ಹಿಡಿದವರಿದ್ದಾರೆ. ನವೆಂಬರ್‌ನಿಂದ ಜನವರಿ ಮಧ್ಯದವರೆಗೆ ಅಯ್ಯಪ್ಪನ ಮಾಲೆ ಧರಿಸಿದವರಿರುತ್ತಾರೆ. ಉತ್ತರ ಭಾರತದ ಸಹೋದ್ಯೋಗಿಗಳು ನವರಾತ್ರಿಯಲ್ಲಿ ಅಕ್ಕಿ, ಗೋಧಿ, ಈರುಳ್ಳಿ ಮುಟ್ಟದಿರಬಹುದು. ರಂಜಾನ್ ತಿಂಗಳಾದರೆ ಕಾರ್ಯಕ್ರಮ ಪಟ್ಟಿಯಲ್ಲಿ ಸೂರ್ಯಾಸ್ತಕ್ಕೆ ಉಪವಾಸ ಬಿಡುವ ಹೊತ್ತನ್ನು ಬಿಟ್ಟುಕೊಡಬೇಕು; ಅದೇ ಹೊತ್ತಿಗೆ ಎಂ.ಡಿ. ಭಾಷಣ ಇಟ್ಟರೆ ಹೇಗೆ? ಸೂರ್ಯಾಸ್ತದ ನಂತರ ಉಣ್ಣದ ಜೈನ ಅತಿಥಿಗೆ ಎಂಟೂವರೆಯ ‘ಜೈನ್ ಕೌಂಟರ್’ ಎಷ್ಟು ರುಚಿಯಾಗಿದ್ದರೂ ಪ್ರಯೋಜನವಿಲ್ಲ. ಬೆಂಗಳೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸುಮಾರು ಐದು ಐವತ್ತರಿಂದ ಆರು ಐವತ್ತರ ನಡುವೆ. ಅವರಿಗೆ ಬಸ್ಸಿಳಿದ ಕೂಡಲೇ ಊಟ ಸಿದ್ಧವಿರಬೇಕು, ಗಡ್ಡೆ–ಗೆಣಸು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು.

ಅಲರ್ಜಿಯ ವಿಷಯ ಇನ್ನೂ ಗಂಭೀರ. ‘ನಟ್ಸ್ ಹಾಕಿಲ್ಲ’ ಎಂದು ಬಡಿಸುವವನು ಹೇಳಿದರೂ ಪನೀರ್ ಮಖನಿಯಂಥ ಗ್ರೇವಿಗಳಿಗೆ ದಪ್ಪ ಬರುವುದು ಹಲವು ಅಡುಗೆಮನೆಗಳಲ್ಲಿ ರುಬ್ಬಿದ ಗೋಡಂಬಿಯಿಂದಲೇ. ನಮ್ಮ ಚಟ್ನಿಗಳಲ್ಲಿ ಕಡಲೆಕಾಯಿ ಇರಬಹುದು. ಆದ್ದರಿಂದ ಒಂದು ಸಣ್ಣ ಆನ್‌ಲೈನ್ ಫಾರ್ಮಿನಲ್ಲಿ ಎಲ್ಲರಿಂದ ತಿಳಿದು, ಹೆಸರು ಮತ್ತು ಮೇಜಿನ ಸಂಖ್ಯೆಯೊಂದಿಗೆ ನೇರ ಶೆಫ್ ಕೈಗೆ ಮುಟ್ಟಿಸಿ. ಸೇಲ್ಸ್ ವಿಭಾಗದವರಿಗೆ ಹೇಳಿದರೆ ಸಾಕೆಂದುಕೊಳ್ಳಬೇಡಿ. ಸಸ್ಯಾಹಾರದ ಸಾಲು ಮಾಂಸಾಹಾರದಿಂದ ದೂರದಲ್ಲಿ, ಬೇರೆ ಸೌಟುಗಳೊಂದಿಗೆ ಇರಲಿ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು; ಅಲ್ಲಿ ‘ಅಡ್ಜಸ್ಟ್ ಮಾಡ್ಕೊಳ್ಳಿ’ ನಡೆಯದು.

ಮೆನುವಿನ ಆಯ್ಕೆಯಲ್ಲಿ ನನ್ನದೊಂದು ಪಕ್ಷಪಾತವಿದೆ. ಪಾಸ್ತಾ, ಹಕ್ಕಾ ನೂಡಲ್ಸ್, ಪನೀರ್ ಬಟರ್ ಮಸಾಲ ಮೂರನ್ನೂ ಒಂದೇ ಸಾಲಿನಲ್ಲಿ ಇಡುವ ‘ಮಲ್ಟಿ ಕ್ಯುಸೀನ್’ಗಿಂತ ಆ ಮಣ್ಣಿನ ನಾಲ್ಕು ಪದಾರ್ಥ ಇದ್ದರೆ ಹೊರಗಿನ ಅತಿಥಿಗೆ ಮಾತಾಡಲು ವಿಷಯ ಸಿಗುತ್ತದೆ. ಕೊಡಗಿನಲ್ಲಿ ಕಡಂಬಿಟ್ಟು, ನೂಲ್‌ಪುಟ್ಟು. ಮಲೆನಾಡಿನಲ್ಲಿ ಅಕ್ಕಿ ರೊಟ್ಟಿ. ರಾಮನಗರ, ಮಂಡ್ಯದ ಕಡೆ ನಾಟಿ ಕೋಳಿ ಸಾರಿನ ಜೊತೆ ನಿಂಬೆಹಣ್ಣಿನ ಗಾತ್ರದ ಪುಟ್ಟ ಮುದ್ದೆ. ಪಂದಿ ಕರಿ ಇಡುವುದಾದರೆ ಪ್ರತ್ಯೇಕ ಕೌಂಟರಿನಲ್ಲಿ, ದೊಡ್ಡ ಹೆಸರು ಫಲಕದೊಂದಿಗೆ.

ಸದ್ದು, ಕುರ್ಚಿ, ಮದ್ಯ

ಐದು ಅಡಿ ಅಗಲದ ದುಂಡು ಮೇಜಿಗೆ ಎಂಟು ಜನ, ಆರು ಅಡಿಯದಕ್ಕೆ ಹತ್ತು ಜನ. ಇದಕ್ಕಿಂತ ಒಬ್ಬರು ಹೆಚ್ಚಾದರೂ ಮೊಣಕೈಗಳು ತಗಲುತ್ತವೆ. ದುಂಡು ಮೇಜುಗಳ ಹಾಲ್‌ಗೆ ಒಬ್ಬರಿಗೆ ಹತ್ತು–ಹನ್ನೆರಡು ಚದರಡಿ ಬೇಕೆಂಬುದು ವೃತ್ತಿಯವರ ಲೆಕ್ಕ. ನೂರೈವತ್ತು ಜನರ ಹಾಲಿನಲ್ಲಿ ನಲವತ್ತು ಜನರನ್ನು ಕೂರಿಸಿದರೂ ಊಟ ಸೊರಗುತ್ತದೆ, ಸಭೆಗೆ ಜನ ಬರಲಿಲ್ಲವೇನೋ ಎನಿಸುತ್ತದೆ. ಮಡಿಸುವ ಗೋಡೆಯಿಂದ ಹಾಲನ್ನು ಚಿಕ್ಕದು ಮಾಡುತ್ತೇವೆ ಎಂದರೆ ಗೋಡೆಯಾಚೆ ಅಂದು ಏನಿದೆ ಎಂದು ಕೇಳಿ. ಆ ಗೋಡೆಗಳು ಕಣ್ಣಿಗೆ ಮರೆ, ಕಿವಿಗಲ್ಲ.

ಬಯಲಿನಲ್ಲಿ ಧ್ವನಿವರ್ಧಕವಿದ್ದರೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ಕ್ಕೆ ಅದು ನಿಲ್ಲಬೇಕು. ಬ್ಯಾಂಕ್ವೆಟ್ ಹಾಲಿನಂಥ ಮುಚ್ಚಿದ ಜಾಗಕ್ಕೆ ವಿನಾಯಿತಿಯಿದೆ. ಪ್ರಶಸ್ತಿ ವಿತರಣೆ, ಭಾಷಣಗಳನ್ನು ಊಟಕ್ಕೆ ಮೊದಲೇ ಮುಗಿಸಲು ಇದೂ ಒಂದು ಕಾರಣ. ಹಸಿದವರು ಭಾಷಣ ಕೇಳುವುದಿಲ್ಲ ಎಂಬುದು ಇನ್ನೊಂದು, ಹಾಗಾಗಿ ಚಿಕ್ಕದಾಗಿರಲಿ.

ಮದ್ಯವಿರುವ ಊಟವಾದರೆ ರೆಸಾರ್ಟಿಗೆ ಅಬಕಾರಿ ಪರವಾನಗಿ ಇದೆಯೇ, ಇದ್ದರೂ ನಿಮ್ಮ ಲಾನ್ ಆ ಪರವಾನಗಿಯ ವ್ಯಾಪ್ತಿಯೊಳಗಿದೆಯೇ ಎಂದು ಕೇಳಿ. ಪರವಾನಗಿ ಇಲ್ಲದ ಜಾಗದಲ್ಲಿ ಒಂದು ದಿನದ ಮಟ್ಟಿಗೆ ಸಿಎಲ್–5 ಎಂಬ ಸಾಂದರ್ಭಿಕ ಪರವಾನಗಿ ಪಡೆಯುವ ದಾರಿಯಿದೆ. ಗಾಂಧಿ ಜಯಂತಿಯಂದು ಮದ್ಯವಿಲ್ಲ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಚುನಾವಣೆಯನ್ನು: ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಆ ಕ್ಷೇತ್ರದಲ್ಲಿ ಮದ್ಯ ಮಾರುವಂತಿಲ್ಲ. ನಿಮ್ಮ ಆಫೀಸಿರುವ ಕ್ಷೇತ್ರದಲ್ಲಿ ಚುನಾವಣೆ ಇಲ್ಲದಿದ್ದರೂ ರೆಸಾರ್ಟ್ ಇರುವ ಕಡೆ ಉಪಚುನಾವಣೆ ಇರಬಹುದು. ವಾಪಸಿಗೆ ಕಂಪನಿಯ ವಾಹನ ಕಡ್ಡಾಯ. ಗಾಡಿ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ಮೀರಿದರೆ ಮೊದಲ ಸಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಕಾಗದ ಮತ್ತು ಕಾಸು

ಮಾತು ಮುಗಿದ ಮೇಲೆ ರೆಸಾರ್ಟಿನವರು ಒಂದು ಹಾಳೆ ಕಳಿಸುತ್ತಾರೆ. ಬಿಇಒ, ಅಂದರೆ ಬ್ಯಾಂಕ್ವೆಟ್ ಇವೆಂಟ್ ಆರ್ಡರ್ ಎಂದು ಅದರ ಹೆಸರು. ಅಡುಗೆಮನೆ, ಬಡಿಸುವವರು, ಎಲೆಕ್ಟ್ರೀಷಿಯನ್, ಸೆಕ್ಯೂರಿಟಿ ಎಲ್ಲರೂ ಆ ದಿನ ಓದುವುದು ಇದನ್ನೇ. ಫೋನಿನಲ್ಲಿ ‘ಖಂಡಿತ ಸಾರ್’ ಎಂದದ್ದು ಇದರಲ್ಲಿಲ್ಲದಿದ್ದರೆ ಆಗಿಲ್ಲವೆಂದೇ ಲೆಕ್ಕ. ಅದರಲ್ಲಿ ‘ಎಂಜಿ’ ಎಂಬ ಎರಡಕ್ಷರ ಇರುತ್ತದೆ: ಮಿನಿಮಮ್ ಗ್ಯಾರಂಟಿ. ನಲವತ್ತು ಎಂಜಿ ಒಪ್ಪಿದರೆ ಮೂವತ್ತೆರಡು ಜನ ಬಂದರೂ ನಲವತ್ತರ ದುಡ್ಡು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಊರಾಚೆಯ ಊಟಕ್ಕೆ ಹೆಸರು ಕೊಟ್ಟವರೆಲ್ಲ ಬರುವುದು ಅಪರೂಪ. ಎಂಜಿಯನ್ನು ಕಡಿಮೆಗೇ ಒಪ್ಪಿ, ಮೇಲೆ ಎಷ್ಟು ಜನರವರೆಗೆ ಅದೇ ದರದಲ್ಲಿ ಊಟ ಸಿಗುತ್ತದೆ ಎಂದು ಬರೆಸಿಕೊಳ್ಳಿ. ಕೊನೆಯ ಸಂಖ್ಯೆ ಹೇಳಲು ಎಷ್ಟು ದಿನದ ಗಡುವು ಎಂಬುದನ್ನೂ.

ಹೇಳಿದ ದರದ ಪಕ್ಕದಲ್ಲಿ ‘ಪ್ಲಸ್ ಪ್ಲಸ್’ ಎಂದಿದ್ದರೆ ತೆರಿಗೆ ಮತ್ತಿತರ ಶುಲ್ಕ ಬೇರೆ ಎಂದರ್ಥ. ಇಲ್ಲಿ ಜಿಎಸ್‌ಟಿಯ ಒಂದು ಸೂಕ್ಷ್ಮವನ್ನು ಬುಕ್ ಮಾಡುವವರು ಮರೆಯುತ್ತಾರೆ. ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಶೇ. 5. ಹೋಟೆಲ್ ಅಥವಾ ರೆಸಾರ್ಟಿನ ಯಾವುದಾದರೂ ಕೋಣೆ ಹಿಂದಿನ ಆರ್ಥಿಕ ವರ್ಷದಲ್ಲಿ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚಿಗೆ ಹೋಗಿದ್ದರೆ ಅಲ್ಲಿನ ಊಟಕ್ಕೆ ಶೇ. 18. 2025ರ ಏಪ್ರಿಲ್ 1ರಿಂದ ನೋಡುವುದು ಫಲಕದ ಮೇಲಿನ ದರವನ್ನಲ್ಲ, ನಿಜವಾಗಿ ವಸೂಲಾದ ದರವನ್ನು. ರೆಸಾರ್ಟ್ ತಾನಾಗಿಯೇ ಶೇ. 18ನ್ನು ಆರಿಸಿಕೊಳ್ಳಲೂ ಅವಕಾಶವಿದೆ. ತಲೆಗೆ 1,800 ರೂಪಾಯಿಯಂತೆ ನಲವತ್ತು ಜನರ ಊಟ 72,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕಡೆ ತೆರಿಗೆ 3,600, ಇನ್ನೊಂದು ಕಡೆ 12,960. ‘ಇನ್‌ಪುಟ್ ಕ್ರೆಡಿಟ್ ಸಿಗುತ್ತಲ್ಲ’ ಎನ್ನುವವರಿಗೆ ಉತ್ತರ: ಊಟದ ಮೇಲಿನ ಕ್ರೆಡಿಟ್ಟನ್ನು ಸಾಮಾನ್ಯ ಕಂಪನಿಗೆ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5) ತಡೆಹಿಡಿದಿದೆ. ಆ ವ್ಯತ್ಯಾಸ ಪೂರ್ತಿ ಕೈಯಿಂದಲೇ. ಮದ್ಯ ಜಿಎಸ್‌ಟಿಯ ಹೊರಗಿದೆ. ಅದನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ತೋರಿಸಬೇಕು.

ಸರ್ವೀಸ್ ಚಾರ್ಜ್ ಎಂಬ ಸಾಲು ಕಂಡರೆ ಪ್ರಶ್ನಿಸಿ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಡಿಸಿದ ಹುಡುಗರಿಗೆ ಕೊಡಬೇಕೆನಿಸಿದರೆ ಅವರ ಕೈಗೇ ಕೊಡಬಹುದು.

ಬಿಇಒದಲ್ಲಿ ಇನ್ನೆರಡು ಸಾಲು ಸೇರಿಸಿ. ಒಂದು, ಡ್ರೈವರ್‌ಗಳ ಊಟ. ಟೆಂಪೋ ಟ್ರಾವೆಲರ್, ಕ್ಯಾಬ್‌ಗಳ ಚಾಲಕರಿಗೆ ಆ ದಾರಿಯಲ್ಲಿ ರಾತ್ರಿ ಹತ್ತಕ್ಕೆ ತೆರೆದ ಹೋಟೆಲ್ ಸಿಗುವುದು ಅನುಮಾನ. ಡ್ರೈವರ್ ಊಟಕ್ಕೆ ಬೇರೆ ದರ ಇದೆಯೇ ಎಂದು ಕೇಳಿ, ಇರುತ್ತದೆ. ಅವರನ್ನು ಎಂಟೂವರೆಗೇ ಉಣ್ಣಿಸಿದರೆ ಹನ್ನೊಂದಕ್ಕೆ ಗಾಡಿ ಹೊರಡುವಾಗ ಅವರನ್ನು ಹುಡುಕುತ್ತಾ ಓಡುವುದು ತಪ್ಪುತ್ತದೆ. ಇನ್ನೊಂದು, ಪಾನೀಯಗಳ ಲೆಕ್ಕಕ್ಕೆ ಸಹಿ ಹಾಕುವ ಅಧಿಕಾರ ಯಾರಿಗೆ ಎಂಬುದು. ಒಬ್ಬರ ಹೆಸರು ಮಾತ್ರ ಇರಲಿ, ಆತ ಅಂದು ಕುಡಿಯದವನಾಗಿರಲಿ. ತಟ್ಟೆಗಳ ಎಣಿಕೆಯನ್ನು ಬಫೆ ಮುಚ್ಚುವ ಮೊದಲೇ ಮ್ಯಾನೇಜರ್ ಜೊತೆ ನಿಂತು ತಾಳೆ ನೋಡಿ ಅಲ್ಲೇ ಬರೆದಿಟ್ಟುಕೊಳ್ಳಬೇಕು. ಬಿಲ್ಲಿನಲ್ಲಿ ಕಂಪನಿಯ ಜಿಎಸ್‌ಟಿ ಸಂಖ್ಯೆ, ರೆಸಾರ್ಟಿನ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇವೆಯೇ ಎಂದು ನೋಡಬೇಕು. ಮರುದಿನ ಸೋಮವಾರವಾದರೆ ಅಕೌಂಟ್ಸ್‌ನವರು ಮೊದಲು ಕೇಳುವುದು ಅದನ್ನೇ.